ಬೆಳಗೋಡಿನಲ್ಲಿ ಬಾರಿಸಿದ್ದು ಯಾರು?

ಇಲ್ಲ... ಸುಳ್ಳು ಸುದ್ದಿ ಇರಬೇಕು ಅಂದುಕೊಂಡೆ.
ಎರಡು ಸಲ ಫೋನ್ ಮಾಡಿದೆ.
ಎರಡನೇ ಸಲ ಅವನ ಹೆಂಡತಿ ಸುಮಕ್ಕನೇ ಎತ್ತಿಕೊಂಡರು.
"ಹೂಂ ಕಣಪ್ಪ... ಹೋಗ್ಬುಟ್ರು" ಅಂದರು.

ನಮ್ಮ ಪಲ್ಪರ್ ಹೌಸ್ ಬ್ಯಾಂಡಿನ ಗಿಟಾರ್ ಸತೀಶ ಇನ್ನಿಲ್ಲ.
ಇವತ್ತು ಬೆಳಿಗ್ಗೆ... ಹಾಸನದ ಆಸ್ಪತ್ರೆಯಲ್ಲಿ.
ಲಿವರ್.

ನೆಟ್‌ನ ಈ ಫ್ಯಾನ್ ಕಮ್ಯುನಿಟಿಗೆ ಹೊಸದಾಗಿ ಸೇರಿದವರಿಗೆ ಹೇಳುತ್ತೇನೆ. ಸತೀಶ ದೋಣಿಗಲ್ ಹತ್ತಿರದ ಎಸ್ಟೇಟ್ ಒಂದರಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ. ಭಾನುವಾರ ಅಲ್ಲಿನ ಪಲ್ಪರ್ ಮನೆಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ ಪಕ್ಕದಲ್ಲೇ, ನಾಲ್ಕು ಜನ ಸೇರಿ ಬಾರಿಸುತ್ತಿದ್ದರು. ಅದಕ್ಕೇ ಆ ಹೆಸರು.
ನಾನು ಆಲೂರಿನ ಮೈಕ್‌ಸೆಟ್‌ನವನು. ಅವರ ಎಲ್ಲ ಪ್ರೋಗ್ರಾಮಿಗೂ ಸೌಂಡ್ ನನ್ನದೇ. ನೀವು ಡೌನ್‌ಲೋಡ್ ಮಾಡಿಕೊಂಡ ರೆಕಾರ್ಡಿಂಗ್‌ಗಳೂ ನಾನೇ ಹಾಕಿದವು.

ಸತೀಶ ಒಂದು ಹಾಡನ್ನು ಎರಡು ಸಲ ಒಂದೇ ಥರ ಬಾರಿಸಿದವನಲ್ಲ.
ಅರ್ಧ ಹಾಡಿಗೆ ಕಣ್ಣು ಮುಚ್ಚಿದ ಅಂದರೆ ಮುಗಿಯಿತು... ಹಾಡನ್ನು ಅಲ್ಲೇ ಬಿಟ್ಟು ಎಲ್ಲಿಗೋ ಹೊರಟ. ಡ್ರಮ್ಮಿನವನು ಬೆವರು ಒರೆಸಿಕೊಳ್ಳುತ್ತಾ ಹಿಂದೆ ಓಡಬೇಕು.
ಅದನ್ನೇ ನಾವು ಜ್ಯಾಮ್ ಅನ್ನುತ್ತಿದ್ದೆವು. ಅದನ್ನು ಕೇಳಲೆಂದೇ ನೀವು ಎರಡೆರಡು ಬಸ್ ಹತ್ತಿ ಬರುತ್ತಿದ್ದಿರಿ.

ಈಗ ಇಲ್ಲಿ ಓಟಿಗಿಟ್ಟ ಆ ಪೋಲ್ ವಿಷಯ...
"ಎಣ್ಣೆ ಸತೀಶನಾ, ನೀರು ಸತೀಶನಾ? ಯಾರ ಜ್ಯಾಮ್ ಸೂಪರ್?"
ಅವನು ಕುಡಿತ ಬಿಟ್ಟಿದ್ದಾನಂತೆ ಎಂಬ ಸುದ್ದಿ ಹಬ್ಬಿದಾಗ ನಮ್ಮಲ್ಲೇ ಒಬ್ಬರು ಶುರು ಮಾಡಿದ್ದು. ಹೆಸರು ಬರೆಯುವುದಿಲ್ಲ.
ಹೋಲಿಸಿ ನೋಡಿ ಅಂತ, ಯಾವುದು ಎಣ್ಣೆ ಯಾವುದು ನೀರು ಎಂದು ಹೇಳದೆ, ನಾನು ಎರಡು ರೆಕಾರ್ಡಿಂಗ್ ಹಾಕಿದೆ. ಒಂದು ಆಲೂರಿನ ರಿಸೆಪ್ಷನ್ನಿನದು, ಇನ್ನೊಂದು ಬೆಳಗೋಡಿನದು.
ಎಲ್ಲರಿಗೂ ಬೆಳಗೋಡಿನದೇ ಬೇಕು!

"ಗುರೂ, ಫುಲ್ ಟೈಟ್ ಆದ್ರೇನೆ ಇಂಥದ್ದು ಬರೋದು ಕಣೋ."
"ನೀರ್ ಕುಡ್ಕಂಡು ಹಿಂಗೆ ಬಾರ್ಸಕ್ಕಾಯ್ತದಾ ಮಾರಾಯ?"
"ಆಲೂರಿಂದು ಸಪ್ಪೆ ಐತೆ. ಬಿಟ್ಮೇಲೆ ಬಾರ್ಸಿರೋದು, ಗ್ಯಾರಂಟಿ."

ಓದಿ ನಾನೂ ನಕ್ಕೆ. ಸ್ಮೈಲಿ ಕೂಡ ಹಾಕಿದೆ.

ಸತೀಶ... ಕೇಳಿಸುತ್ತಿದೆಯೇನೋ?
ಆವತ್ತೇ ಹೇಳಬೇಕಾಗಿದ್ದನ್ನು ಈಗ ಎಲ್ಲರೆದುರು ಹೇಳುತ್ತಿದ್ದೇನೆ.
ಆಲೂರಿನಲ್ಲಿ ನೀನು ಕುಡಿದಿದ್ದೆ. ರಟ್ಟೆ ಹಿಡಿದು ಸ್ಟೇಜ್ ಹತ್ತಿಸಿದವನೇ ನಾನು.
ಬೆಳಗೋಡಿನ ಹೊತ್ತಿಗೆ ನೀನು ಬಿಟ್ಟು ಐದು ತಿಂಗಳಾಗಿತ್ತು. ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಅಕ್ಕಿರೊಟ್ಟಿ ತಿಂದೆವು. "ನಡುಗ್ತಿಲ್ಲ ನೋಡೋ" ಅಂತ ಕೈ ಚಾಚಿ ತೋರಿಸಿದ್ದೆ. ಆ ಕೈಯಲ್ಲೇ ಬಾರಿಸಿದ್ದು ಅದು.
ಸುಮಕ್ಕನನ್ನು, ಬ್ಯಾಂಡಿನವರನ್ನು ಬಿಟ್ಟರೆ ಇದು ನನಗೊಬ್ಬನಿಗೇ ಗೊತ್ತಿತ್ತು. ಅವರು ಯಾರೂ ನೆಟ್ ನೋಡುವವರಲ್ಲ ಅಂದುಕೊಂಡಿದ್ದೆ.
ಇನ್ನಷ್ಟು ಓಟು ಬೀಳಲಿ, ಕೊನೆಗೆ ಸಸ್ಪೆನ್ಸ್ ಬಿಚ್ಚಿ ಎಲ್ಲರನ್ನೂ ಬೇಸ್ತು ಬೀಳಿಸೋಣ ಅಂತ ಸುಮ್ಮನಿದ್ದೆ...

ಸಕಲೇಶಪುರದ ಸೈಬರ್‌ನಲ್ಲಿ ಕೂತು ನೀನೂ ಅದನ್ನೆಲ್ಲ ಓದುತ್ತೀಯ ಅಂತ ನನ್ನ ಮಂದ ಬುದ್ಧಿಗೆ ಹೊಳೆಯಲೇ ಇಲ್ಲ.
ಮಾರನೇ ದಿನ ನೀನು ನನ್ನ ಅಂಗಡಿಗೆ ಬಂದು ನಿಂತೆ. ಬೈಯಲಿಲ್ಲ.
"ಬೆಳಗೋಡಲ್ಲಿ ಬಾರ್ಸಿದ್ದು ನಾನಲ್ವಂತೆ ಕಣೋ... ಎಣ್ಣೆ ಅಂತೆ."
ಹೇಳಿ ನಕ್ಕೆಯಲ್ಲ, ಆ ನಗು ನೋಡಿ ನನಗೆ ಭಯವಾಯಿತು.
"ನಾಳೆ ಸರಿಯಾಗಿ ಬರ್ದು ಹಾಕ್ತೀನಿ, ಬುಡು" ಅಂತ ನಾನು ಮಾತು ಕೊಟ್ಟೆ.
ಹಾಕಲಿಲ್ಲ. ಮದುವೆ ಸೀಸನ್, ಪುರುಸೊತ್ತಿಲ್ಲ... ಎಲ್ಲ ನೆಪ.

ಗೆಳೆಯರೇ, ದೋಣಿಗಲ್ ಪ್ರೋಗ್ರಾಮಿಗೆ ನಿಮ್ಮಲ್ಲಿ ಬಹಳ ಜನ ಬಂದಿದ್ದಿರಿ.
ಶುರುವಾಗುವ ಮೊದಲೇ ಮುಂದಿನ ಸಾಲಿನಿಂದ ಒಂದು ಕ್ವಾರ್ಟರ್ ಬಾಟಲಿ ಕೈಯಿಂದ ಕೈಗೆ ದಾಟಿ ಸ್ಟೇಜಿಗೆ ಬಂತು.
"ಅಣ್ಣಾ, ಜ್ಯಾಮಿಗೆ ಪೆಟ್ರೋಲು!"
ಚಪ್ಪಾಳೆ, ಶಿಳ್ಳೆ...
ಅವನು ತೆಗೆದುಕೊಂಡು ಗಿಟಾರಿನ ಆಂಪ್ ಪೆಟ್ಟಿಗೆ ಮೇಲಿಟ್ಟ. ಮುಚ್ಚಳ ಮುಟ್ಟಲಿಲ್ಲ.
ಮೊದಲ ಹಾಡು... ಬಾಟಲಿ ಅಲ್ಲೇ ಇತ್ತು.
ಎರಡನೇ ಹಾಡು... ಅಲ್ಲೇ.
ಮೂರನೇ ಹಾಡಿಗೆ ಅವನು ಕಣ್ಣು ಮುಚ್ಚಲೇ ಇಲ್ಲ. ಅದನ್ನೇ ನೋಡುತ್ತಾ ಬಾರಿಸಿದ.
ಸುಡು ಬಿಸಿಲು. ನನ್ನಿಂದ ಆ ಆಂಪಿಗೆ ಹತ್ತು ಹೆಜ್ಜೆ. ಎದ್ದು ಹೋಗಿ ಎತ್ತಿಕೊಂಡು ಬಂದಿದ್ದರೆ ಆಗುತ್ತಿತ್ತು. ನಾನು ಮಿಕ್ಸರ್ ಬಿಟ್ಟು ಏಳಲಿಲ್ಲ.
ಊಟದ ಬಿಡುವು ಮುಗಿಸಿ ಬಂದಾಗ ಬಾಟಲಿ ಇರಲಿಲ್ಲ.

ಆಮೇಲೆ ಅವನು ಬಾರಿಸಿದ್ದು ಜ್ಯಾಮೇ ಅಲ್ಲ. ಬೆರಳು ತಪ್ಪಿತು, ಶ್ರುತಿ ತಪ್ಪಿತು... ನೀವು ಕುಣಿದಿರಿ.
ಸಂಜೆ ಇಲ್ಲಿ ಬರೆದಿರಿ: "ಹಳೇ ಸತೀಶ ವಾಪಸ್ ಬಂದ್ಬುಟ್ಟ!"

ಇನ್ನೊಮ್ಮೆ ಶುರು ಮಾಡಿದರೆ ಉಳಿಯುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅದೂ ನನಗೆ ಗೊತ್ತಿತ್ತು.
ಆ ಮಧ್ಯಾಹ್ನದ ನಂತರ ಅವನು ನಿಲ್ಲಿಸಲಿಲ್ಲ. ಒಂದು ತಿಂಗಳೂ ಹಿಡಿಯಲಿಲ್ಲ.

ಈಗ ನಿಮ್ಮ ಕಾಮೆಂಟ್ ಓದುತ್ತಿದ್ದೇನೆ...
ಮೂರನೇ ದಿನದ ಹಾಲುತುಪ್ಪಕ್ಕೆ, ಸಮಾಧಿ ಮುಂದೆ ಎಡೆ ಇಡಲು ಬಾಟಲಿ ತರುತ್ತೇವೆ ಅಂತ ಒಬ್ಬರ ಮೇಲೊಬ್ಬರು ಬರೆಯುತ್ತಿದ್ದೀರಿ. "ಅಣ್ಣಂಗೆ ಇಷ್ಟದ್ದು ಅದೇ ತಾನೇ?"
ಹೋದವರಿಗೆ ಇಷ್ಟವಾದದ್ದನ್ನು ಇಡುವುದು ನಮ್ಮ ಕಡೆಯ ಪದ್ಧತಿ, ನನಗೂ ಗೊತ್ತು.
ಆ ಪೋಲಿಗೆ ಇವತ್ತೂ ಓಟು ಬೀಳುತ್ತಿದೆ. ಎಣ್ಣೆ ಸತೀಶನೇ ಮುಂದಿದ್ದಾನೆ.

ಈ ಮಾತು ಸುಮಕ್ಕನ ಕಿವಿಗೂ ಬಿದ್ದಿದೆ. ಈಗಷ್ಟೇ ಅವರೇ ಫೋನ್ ಮಾಡಿದ್ದರು. ಅಳುತ್ತಿರಲಿಲ್ಲ.
"ಯಾರೂ ಬಾಟ್ಲಿ ತರ್ಬ್ಯಾಡ್ರಿ ಅಂತ ಹಾಕಪ್ಪ. ಅವ್ರು ಆ ಐದಾರ್ ತಿಂಗ್ಳು ಪಟ್ಟ ಪಾಡು ನಾನ್ ಕಂಡಿವ್ನಿ... ನಿಂಗೂ ಗೊತ್ತಿತ್ತಲ್ಲ. ಇದ್ನಾದ್ರೂ ಇವತ್ತೇ ಬರಿ."

ಬರೆದಿದ್ದೇನೆ ಸುಮಕ್ಕ.
ಬೆಳಗೋಡಿನಲ್ಲಿ ಬಾರಿಸಿದ್ದು ಸತೀಶ. ಅವನೊಬ್ಬನೇ.

ಹೋಗಿ ಬಾರೋ...
ನಾವು ಕೊಡದ ನೆಮ್ಮದಿ ನಿನ್ನ ಜೀವಕ್ಕೆ ಅಲ್ಲಾದರೂ ಸಿಗಲಿ.