ಚರ್ಚೆ ಪುಟದಲ್ಲಿ ಹುಟ್ಟಿದ ಮಗಳು

ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ, ಬಂದವರ ಮುಖಕ್ಕೆ ಫ್ರೇಮು ಹೊಂದಿಸಿ ಕೊಡುವುದು. ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಮೆತ್ತಗಾದೊಡನೆ ಬಗ್ಗಿಸಿ, ಹಾಕಿ ನೋಡಿ, ಮತ್ತೆ ತೆಗೆದು ಬಗ್ಗಿಸುತ್ತಾಳೆ. ಗಿರಾಕಿ "ಸಾಕು ಬಿಡಿ ಮೇಡಂ, ಚೆನ್ನಾಗಿದೆ" ಅಂದರೆ, "ಈಗ ಚೆನ್ನಾಗೇ ಇರುತ್ತೆ. ನಾಳೆ ಕಿವಿ ಹಿಂದೆ ಹುಣ್ಣಾದ್ಮೇಲೆ ನನ್ನೇ ಬೈತೀರಿ, ಕೂತ್ಕೊಳ್ಳಿ" ಅನ್ನುತ್ತಾಳೆ. ಅಂಗಡಿಯ ಯಜಮಾನನೂ ಅವಳಿಗೆ ಹೆದರುತ್ತಾನೆ. ಹೆದರದೆ ಏನು ಮಾಡಿಯಾನು, ಗಿರಾಕಿಗಳು ಕೇಳಿಕೊಂಡು ಬರುವುದು ಅವಳನ್ನೇ.

ಇದು ಜನ ಕಂಡ ಹೆಂಗಸು. ಜನ ಕಾಣದ ಇನ್ನೊಬ್ಬಳಿದ್ದಳು, ಅವಳ ಹೆಸರು 'ಸೂಜಿಮೊನೆ'. ಎಲ್ಲರೂ ಸೇರಿ ಬರೆಯುವ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದು ಇಂಟರ್ನೆಟ್ಟಿನಲ್ಲಿದೆಯಲ್ಲ, ಅದರಲ್ಲಿ ಬಂಜೆತನದ ಲೇಖನವನ್ನು ಆ ಹೆಸರಿನಲ್ಲಿ ಕಾಯುತ್ತಿದ್ದವಳು ಇವಳೇ. ಸಂಬಳವಿಲ್ಲ, ಸನ್ಮಾನವಿಲ್ಲ. ಮದುವೆಯಾಗಿ ವರ್ಷಗಟ್ಟಲೆ ಆಸ್ಪತ್ರೆಗಳ ಬೆಂಚು ಸವೆಸಿ, ಕೊನೆಗೆ ಗಂಡಹೆಂಡತಿ ಇಬ್ಬರೂ "ಇನ್ನು ಸಾಕು" ಎಂದು ಕೈಬಿಟ್ಟ ಕಾಲದಲ್ಲಿ ಅವಳು ಆ ಲೇಖನ ಓದಿದ್ದಳು. ದೋಷವೆಲ್ಲ ಹೆಂಗಸಿನದೇ ಎನ್ನುವ ಹಾಗೆ ಯಾವನೋ ಪುಣ್ಯಾತ್ಮ ಬರೆದಿಟ್ಟಿದ್ದ. ಮೈಯೆಲ್ಲ ಉರಿದುಹೋಯಿತು. ಆಧಾರ ಹುಡುಕಿ ತಂದು ಆ ಸಾಲನ್ನು ತಿದ್ದಿದಳು, ಅಲ್ಲಿಂದ ಶುರುವಾಯಿತು ಈ ಕಾವಲು.

ಕಾಯುವುದು ಯಾರಿಂದ ಅಂತೀರಾ? ಬೆಲ್ಲ ಕಂಡ ನೊಣಗಳ ಹಾಗೆ ಚಿಕಿತ್ಸಾ ಕೇಂದ್ರಗಳವರು ಆ ಲೇಖನಕ್ಕೆ ಮುತ್ತುತ್ತಿದ್ದರು. ಲೇಖನದ ಕೊನೆಯಲ್ಲಿ ತಮ್ಮ ತಮ್ಮ ಲಿಂಕುಗಳನ್ನು ಸದ್ದಿಲ್ಲದೆ ಅಂಟಿಸಿ ಹೋಗುವರು: 'ಖಚಿತ ಫಲ', 'ಇಬ್ಬರು ಬನ್ನಿ, ಮೂವರಾಗಿ ಹೋಗಿ.' ಹಿಂದೊಮ್ಮೆ ಇಂಥದ್ದೇ ಲಿಂಕನ್ನು ಒತ್ತಿ, ನಂಬಿ ಹೋಗಿ, ಮೈಯೂ ಮನಸ್ಸೂ ಹಣ್ಣಾಗಿ ಬಂದವಳು ಅವಳು. ಹಾಗಾಗಿ ಕಂಡಲ್ಲಿ ಕಿತ್ತು ಹಾಕುತ್ತಿದ್ದಳು. ಕಿತ್ತದ್ದಕ್ಕೆ ಕಾರಣ ಬರೆಯುವಳು, ಎದುರಾಳಿ ವಾದಕ್ಕೆ ಬಂದರೆ ಲೇಖನದ ಬೆನ್ನಿಗಿರುವ ಚರ್ಚೆ ಪುಟದಲ್ಲಿ ಉತ್ತರ ಕೊಡುವಳು. ಅಲ್ಲಿ ಕೆಲವು ಕಟ್ಟುಪಾಡುಗಳಿವೆ. ವಿಷಯದಲ್ಲಿ ಸಂಬಳವೋ ಸಂಬಂಧವೋ ಇದ್ದರೆ ಮೊದಲೇ ಹೇಳಿಬಿಡಬೇಕು. ಚರ್ಚೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಅಳಿಸುವಂತಿಲ್ಲ. ಆಡಿದ ಮಾತು ಸುಳ್ಳೆಂದಾದರೆ ಆಡಿದವರೇ ಬಂದು ಅದರ ಮೇಲೆ ಗೀಟು ಎಳೆಯಬೇಕು.

ಮನೆಯಲ್ಲಿ ಗಂಡ ಮತ್ತು ಮೈದುನ. ಗಂಡ ಅಚ್ಚಿನ ಮನೆಯಲ್ಲಿ ಯಂತ್ರ ನಡೆಸುವವನು, ಮಾತಿಗೆ ಬರಗಾಲ. ಮೈದುನ ಮಾತ್ರ ಎರಡಾಳಿನ ಮಾತು ಒಬ್ಬನೇ ಆಡುವವನು. ಅವಳು ಮದುವೆಯಾಗಿ ಬಂದಾಗ ತಾಯಿಯಿಲ್ಲದ ಪುಟ್ಟ ಹುಡುಗ. ತಲೆ ಬಾಚಿ, ಮೂಗು ಒರೆಸಿ, ಶಾಲೆಗೆ ಕಳಿಸಿದವಳು ಅವಳು. ಬೆಳೆದ ಮೇಲೆ ಯಾವ ಕೆಲಸದಲ್ಲೂ ನೆಟ್ಟಗೆ ನಿಲ್ಲಲಿಲ್ಲ. ಈಗ ಒಂದು ಪ್ರಚಾರದ ಕಂಪನಿ ಸೇರಿದ್ದ. ಕೆಲಸ ಕಾಯಂ ಆದರೆ ಮದುವೆ, ಹೆಣ್ಣಿನ ಕಡೆಯವರು ಅದೊಂದಕ್ಕೇ ಕಾಯುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಅವನು ತಟ್ಟೆಯ ಮುಂದೆ ಮುಖ ಗಂಟು ಹಾಕಿಕೊಂಡಿದ್ದ.

"ಏನೋ ಅದು, ಅನ್ನದ ಮೇಲೆ ಸಿಟ್ಟು?" ಎಂದಳು.

"ನಮ್ಮ ಕಂಪನಿಗೆ ಒಂದು ಕೇಂದ್ರದ ಪ್ರಚಾರ ಸಿಕ್ಕಿದೆ ಅತ್ತಿಗೆ, ಮಕ್ಕಳಾಗದವ್ರಿಗೆ ಚಿಕಿತ್ಸೆ ಕೊಡೋದು. ಅವ್ರ ಲಿಂಕನ್ನ ವಿಶ್ವಕೋಶದಲ್ಲಿ ನಿಲ್ಲಿಸೋದು ನನ್ನ ಕೆಲ್ಸ. ಹಾಕಿದ ಕೂಡ್ಲೇ ಒಬ್ಬ ಬಂದು ಕಿತ್ತಾಕ್ತಾನೆ. ಸೂಜಿಮೊನೆ ಅಂತೆ ಹೆಸರು. ಯಾವನೋ ರಿಟೈರಾದ ಮುದುಕ ಇರ್ಬೇಕು, ಮನೇಲಿ ಯಾರೂ ಮಾತಾಡ್ಸಲ್ಲ ಅನ್ಸುತ್ತೆ."

ಅವಳು ಲೋಟ ಎತ್ತಿ ನೀರು ಕುಡಿದಳು. 'ಶುಭೋದಯ' ಎಂಬ ಹೆಸರಿನಲ್ಲಿ ಮೂರು ದಿನದಿಂದ ತನ್ನೊಡನೆ ಜಗಳಕ್ಕೆ ನಿಂತಿದ್ದವನು ಇವನೇ ಎಂದು ಆಗ ತಿಳಿಯಿತು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. "ಇರ್ಬಹುದು" ಎಂದಷ್ಟೇ ಹೇಳಿ ಅವನಿಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ನಿಜ ಹೇಳಬೇಕೆಂದರೆ, ಅಲ್ಲಿ ಅವಳು ಸೋತಳು. ಮರುದಿನ ಲಿಂಕ್ ಮತ್ತೆ ಬಂದಿತ್ತು; ನೋಡಿಯೂ ನೋಡದವಳ ಹಾಗೆ ಇದ್ದುಬಿಟ್ಟಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಲ್ಲವೇ ಇದು ಎಂದು ಮನಸ್ಸು ಚುಚ್ಚಿತು. ಹುಡುಗನಿಗೆ ಒಂದು ದಾರಿಯಾಗಲಿ, ಆಮೇಲೆ ತೆಗೆದರಾಯಿತು ಎಂದು ಅದರ ಬಾಯಿ ಮುಚ್ಚಿಸಿದಳು. ಅವನೋ, ಲಿಂಕ್ ನಿಂತಿತೆಂದು ಸೀಟಿ ಹೊಡೆಯುತ್ತ ಓಡಾಡಿದ.

ಆದರೆ ಅವನಿಗೆ ಅಷ್ಟಕ್ಕೆ ಧೈರ್ಯ ಸಾಲಲಿಲ್ಲ. ಮುದುಕ ಮತ್ತೆ ಬಂದರೆ ಇರಲಿ ಎಂದು ಚರ್ಚೆ ಪುಟದಲ್ಲಿ ಒಂದು ಗಟ್ಟಿ ಸಾಕ್ಷಿ ಬರೆದಿಟ್ಟ. ಅವಳು ಅದನ್ನು ಬೆಳಿಗ್ಗೆ, ಒಲೆಯ ಮೇಲೆ ಹಾಲಿಟ್ಟು, ಫೋನಿನಲ್ಲಿ ಓದಿದಳು.

'ನನ್ನ ಸ್ವಂತ ಅತ್ತಿಗೆಗೆ ಬಹಳ ವರ್ಷ ಮಕ್ಕಳಿರಲಿಲ್ಲ. ಎಲ್ಲ ಕಡೆ ಕೈಬಿಟ್ಟ ಮೇಲೆ ಈ ಕೇಂದ್ರಕ್ಕೆ ಹೋದರು. ಈಗ ಅವರಿಗೆ ಒಬ್ಬಳು ಮಗಳು, ಎರಡನೇ ತರಗತಿ. ಸಂಜೆ ಅತ್ತಿಗೆ ಅಂಗಡಿಯಿಂದ ಬರುವ ಹೊತ್ತಿಗೆ ಗೇಟು ಹಿಡಿದುಕೊಂಡು ಕಾಯುತ್ತಿರುತ್ತಾಳೆ.'

ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಸಿಟ್ಟು ಬಂತು, ಬರಬೇಕಾದದ್ದೇ. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ನಾಚಿಕೆಯಾದದ್ದು ಬೇರೆಯದಕ್ಕೆ: ಕೊನೆಯ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು. ಗೇಟು ಹಿಡಿದು ನಿಂತ ಹುಡುಗಿಗೆ ಎರಡು ಜಡೆಯೋ ಒಂದೋ ಎಂದು ಯೋಚಿಸುತ್ತಿದ್ದಳು. ಥೂ ನನ್ನ ಬುದ್ಧಿಗಿಷ್ಟು ಎಂದು ಒಲೆ ಒರೆಸತೊಡಗಿದಳು.

ಮಧ್ಯಾಹ್ನ ಅಂಗಡಿಯಲ್ಲಿ ಬುತ್ತಿ ಬಿಚ್ಚಿ ಮತ್ತೆ ಪುಟ ತೆರೆದಾಗ ಅದರ ಕೆಳಗೆ ಯಾರೋ ಒಬ್ಬ ಹೆಂಗಸು ಬರೆದಿದ್ದಳು: 'ಆಗ ನಿಮ್ಮ ಅತ್ತಿಗೆಗೆ ವಯಸ್ಸೆಷ್ಟು? ನನಗೆ ನಲವತ್ತಾಯಿತು. ಡಾಕ್ಟರು ಬೇಡ ಅಂದಿದ್ದಾರೆ. ಆದರೆ ನಿಮ್ಮ ಮಾತು ಓದಿ ಜೀವ ಬಂತು. ಇರುವ ಕೆಲಸ ಬಿಟ್ಟಾದರೂ ಹೊರಟು ಬರುತ್ತೇನೆ.'

ಕೈಯಲ್ಲಿದ್ದ ತುತ್ತನ್ನು ಬುತ್ತಿಗೇ ಹಾಕಿದಳು. ಕೂಡಲೇ ಮೈದುನನಿಗೆ ಫೋನ್ ಮಾಡಿದಳು.

"ಲೋ, ನೀನು ಆ ಲಿಂಕಿಗೆ ಏನೇನೋ ಸುಳ್ಳು ಬರ್ದು, ಯಾರಾದ್ರೂ ನಂಬಿ ಹೊರಟ್ರೆ?"

"ಅದನ್ನೆಲ್ಲ ಯಾರು ಓದ್ತಾರೆ ಬಿಡಿ ಅತ್ತಿಗೆ. ನಾಳೆ ಕೇಂದ್ರದೋರು ಬಂದು ನೋಡ್ತಾರೆ. ನಾಳೆವರೆಗೂ ನಿಂತ್ರೆ ಸಾಕು, ನಾನು ಕಾಯಂ. ಆಮೇಲೆ ಆ ಮುದುಕ ಏನಾದ್ರೂ ಮಾಡ್ಕೊಳ್ಳಿ."

"ಓದಿದಾಳೆ ಕಣೋ ಒಬ್ಬಳು. ಅವ್ಳು ಕೇಳಿದ್ದಕ್ಕೆ ನಿಜ ಹೇಳ್ಬಿಡು."

"ನಾಳೆ ಹೇಳ್ತೀನಿ. ಪ್ಲೀಸ್ ಅತ್ತಿಗೆ, ಇವತ್ತೊಂದಿನ" ಎಂದು ಫೋನ್ ಇಟ್ಟ. ಇವಳಿಗೆ ಅದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳುವ ಬುದ್ಧಿಯೂ ಆ ಗಡಿಬಿಡಿಯಲ್ಲಿ ಅವನಿಗೆ ಬರಲಿಲ್ಲ.

ನಾಳೆಯ ಒಳಗೆ ಆ ಹೆಂಗಸು ರಾಜೀನಾಮೆ ಬರೆದು ಕೊಟ್ಟರೆ? ಡಾಕ್ಟರು ಬೇಡ ಎಂದ ಮೇಲೂ ಹೋಗಿ ಆಸ್ಪತ್ರೆಯಲ್ಲಿ ಮಲಗುವುದು ಎಂದರೇನು ಎಂದು ಇವಳ ಮೈಗೆ ಗೊತ್ತಿತ್ತು. ಲಿಂಕನ್ನು ಸುಮ್ಮನೆ ಕಿತ್ತರೆ ಪ್ರಯೋಜನವಿಲ್ಲ, ಚರ್ಚೆ ಪುಟದ ಆ ಮಗಳು ಹಾಗೇ ಉಳಿಯುತ್ತಾಳೆ. ಹೊರಗಿನವರು ಎಷ್ಟೇ 'ಇದು ಸುಳ್ಳಿರಬಹುದು' ಅಂದರೂ ಆಸೆಪಟ್ಟ ಜೀವ ಕೇಳುವುದಿಲ್ಲ. ಸುಳ್ಳು ಎಂದು ಖಚಿತವಾಗಿ ಹೇಳಬಲ್ಲವಳು ಲೋಕದಲ್ಲಿ ಒಬ್ಬಳೇ. ಹೇಳಿದರೆ ಹುಡುಗನ ಕೆಲಸ ಹೋಗುತ್ತದೆ, ಮದುವೆ ಮುರಿದರೂ ಮುರಿಯಬಹುದು. ಬುತ್ತಿಯನ್ನು ಪಕ್ಕಕ್ಕೆ ಸರಿಸಿ ಬರೆದಳು:

'ಈ ಲಿಂಕ್ ಹಾಕುತ್ತಿರುವವನು ನನ್ನ ಮೈದುನ. ಅದಕ್ಕೆ ಅವನಿಗೆ ಸಂಬಳ ಬರುತ್ತದೆ. ಅವನು ಹೇಳಿದ ಅತ್ತಿಗೆ ನಾನೇ. ನಾನು ಆ ಕೇಂದ್ರಕ್ಕೆ ಹೋಗಿಲ್ಲ. ನನಗೆ ಮಕ್ಕಳಿಲ್ಲ. ತಂಗೀ, ದಯವಿಟ್ಟು ಕೆಲಸ ಬಿಡಬೇಡಿ. ಗೊತ್ತಿದ್ದೂ ನಾನು ಸುಮ್ಮನಿದ್ದೆ, ಅದು ನನ್ನ ತಪ್ಪು. ಇನ್ನು ನಾನು ಈ ಲೇಖನವನ್ನು ಮುಟ್ಟುವುದಿಲ್ಲ, ಬೇರೆಯವರು ನೋಡಿಕೊಳ್ಳಲಿ.'

ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಅವನು ಬಂದು ಕೂತಿದ್ದ. ಬೂಟು ಬಿಚ್ಚಿರಲಿಲ್ಲ. ಅಣ್ಣ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿದ್ದ.

"ಸೂಜಿಮೊನೆ ನೀವಾ?"

"ಹೂಂ."

"ಕಂಪನಿಯೋರು ಓದಿದ್ರು. ಮನೆಗೆ ಕಳಿಸಿದ್ರು."

"ಕಳಿಸ್ತಾರೆ ಅಂತ ಗೊತ್ತಿತ್ತು ಕಣೋ. ಗೊತ್ತಿದ್ದೇ ಬರ್ದೆ." ಚೀಲ ಕೆಳಗಿಟ್ಟಳು. "ಸುಳ್ಳು ಹೇಳೋಕೆ ನಿಂಗೆ ನಾನೇ ಬೇಕಿತ್ತಾ?"

ಬೈಯುತ್ತಾನೆ, ಬಾಗಿಲು ಬಡಿದು ಹೋಗುತ್ತಾನೆ ಎಂದು ಕಾದಳು. ಅವನು ಫೋನ್ ತೆಗೆದು ಆ ಪುಟ ತೆರೆದ.

"ಹೇಗೆ ಗೀಟು ಎಳೆಯೋದು, ತೋರ್ಸಿ."

ಪಕ್ಕದಲ್ಲಿ ಕೂತು ತೋರಿಸಿದಳು. ಮೊದಲ ಸಾಲಿಗೆ ಎಳೆದ. ಎರಡನೆಯದಕ್ಕೆ, ಮೂರನೆಯದಕ್ಕೆ ಎಳೆದ. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು.

"ಇದು ಸುಳ್ಳಲ್ಲ ಅತ್ತಿಗೆ."

"ಏನು?"

"ಗೇಟ್ ಹಿಡ್ಕೊಂಡು ಕಾಯ್ತಾ ಇದ್ದಿದ್ದು. ಅದು ನಾನೇ ಅಲ್ವಾ."

ಮೂಲೆಯಲ್ಲಿ ಗಂಡ ಎದ್ದು ಒಳಗೆ ಹೋದ. ಆಮೇಲೆ ಅವಳು ಅವನ ತಲೆಯ ಮೇಲೆ ಕೈಯಿಟ್ಟು, "ಆ ಹೆಂಗಸಿಗೆ ಅದು ಗೊತ್ತಾಗಲ್ವಲ್ಲೋ" ಎಂದಳು. "ಅದಕ್ಕೂ ಎಳಿ."

ಅವನು ಎಳೆದ.