ಹೊರೆ ಇಳಿಸುವ ಕಟ್ಟೆ

ಎರಡು ವರ್ಷದ ಹಿಂದೆ ನಾನು ಮಂಡ್ಯದ ಆರ್ಕಿಟೆಕ್ಟ್ ನಿಂಗರಾಜು ಅವರ ಆಫೀಸಿನಲ್ಲಿ ಜೂನಿಯರ್. ಮದ್ದೂರಿನಿಂದ ಮಳವಳ್ಳಿವರೆಗೆ ಅವರು ಪ್ಲಾನ್ ಹಾಕದ ಕಲ್ಯಾಣ ಮಂಟಪ ಕಡಿಮೆ. ಕಂಬಕ್ಕೆ ಸಿಂಹ ಬೇಕೆಂದರೆ ಸಿಂಹ, ಮುಂಭಾಗಕ್ಕೆ ಗಾಜು ಬೇಕೆಂದರೆ ಗಾಜು. "ಬರ್ಕೊಡು ಅತ್ಲಾಗೆ" ಎನ್ನುತ್ತಿದ್ದರು.

ತಮ್ಮದೆಂದು ಹೇಳಿಕೊಳ್ಳುತ್ತಿದ್ದುದು ಒಂದನ್ನೇ: ವೃತ್ತಿಯ ಆರಂಭದಲ್ಲಿ ಮಳವಳ್ಳಿಯ ಬಸ್ಸು ನಿಲ್ಲುವ ರಸ್ತೆಯಲ್ಲಿ ಕಟ್ಟಿಸಿದ ಸಮುದಾಯ ಭವನ. ಅದರ ಮುಂದೆ ಉದ್ದನೆಯ ಜಗಲಿ, ಜಗಲಿಯ ತುದಿಗೆ ಹೆಗಲೆತ್ತರದ ಕಲ್ಲುಕಟ್ಟೆ. ಸೊಪ್ಪಿನ ಕುಕ್ಕೆ ಹೊತ್ತು ಬಂದ ಹೆಂಗಸು ಯಾರ ಕೈಯನ್ನೂ ಬೇಡದೆ ತಲೆಯ ಹೊರೆಯನ್ನು ಅದರ ಮೇಲೆ ಜಾರಿಸಿ, ಜಗಲಿಯಲ್ಲಿ ಕೂತು ಬಸ್ಸು ಕಾಯಬಹುದು. ನಿಂಗರಾಜು ಸಾರ್ ಅವರ ತಾಯಿಯೂ ಸೊಪ್ಪು ಮಾರಿದವರೇ.

ಭವನದ ಸಮಿತಿ ಆ ಜಗಲಿ ಒಡೆದು ಅಂಗಡಿ ಸಾಲು ಹಾಕಲು ಹೊರಟಿತು. ಪ್ಲಾನ್ ಕೇಳಿಕೊಂಡು ಬಂದದ್ದೂ ನಮ್ಮ ಹತ್ತಿರವೇ! ಸಾರ್ ಪೆನ್ಸಿಲ್ ಮುಟ್ಟಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ. "ಮಾತಾಡಿ ಮಾತಾಡಿ ಸಾಕಾಗೈತೆ ಕಣಯ್ಯ. ಸಭೆಗೆ ನೀನೇ ಓಗ್ ಬಾ" ಎಂದರು. ಆ ಸುಸ್ತು ನನಗೆ ಆಗ ಸೋಲಿನಂತೆ ಕಂಡಿತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊತ್ತು ತಂದವನು ನಾನು. ಸಮಿತಿಯ ಒಂದೊಂದು ಮಾತಿಗೂ ಎದುರು ಮಾತು ಇಟ್ಟೆ. ಕೊನೆಗೆ ಅಧ್ಯಕ್ಷ ಮಾದಪ್ಪನವರು ರೇಗಿದರು: "ಅದೊಂದು ಮೋಟುಗ್ವಾಡೆ ಕಣಯ್ಯ!"

"ಗೋಡೆಯಲ್ಲ ಸಾರ್, ಸ್ಮಾರಕ. ಸ್ಮಾರಕ ಒಡೆದವರು ಅಂತ ನಿಮ್ಮ ಹೆಸರು ಉಳೀಬೇಕಾ?"

ಮಾದಪ್ಪನವರು ಮುಂದಿದ್ದ ಕಾಗದ ಮಡಚಿಟ್ಟರು. ಅಂಗಡಿಯ ಯೋಜನೆ ಅಲ್ಲಿಗೇ ಬಿದ್ದುಹೋಯಿತು.

ಕೆಲವು ತಿಂಗಳ ನಂತರ ಸಾರ್ ಜೊತೆ ನೋಡಲು ಹೋದೆ. ಜಗಲಿ ಇತ್ತು, ಕಟ್ಟೆಯೂ ಇತ್ತು. ಎರಡನ್ನೂ ಸುತ್ತಿ ಆಳೆತ್ತರದ ಕಬ್ಬಿಣದ ಗ್ರಿಲ್, ಅದಕ್ಕೆ ಬೀಗ. ಕಟ್ಟೆಗೆ ಚಿನ್ನದ ಬಣ್ಣ ಬಳಿದಿದ್ದರು.

"ಎಂಗೈತೆ ಸಾ? ಇನ್ಮೇಲೆ ಒಬ್ರೂ ಕುಂತ್ಕಳಂಗಿಲ್ಲ, ಎಲೆಅಡ್ಕೆ ಉಗಿಯಂಗಿಲ್ಲ. ಸ್ಮಾರಕ ಅಂದ್ರಲ್ಲ ನಿಮ್ಮುಡುಗ!" ಮಾದಪ್ಪನವರ ಮುಖದಲ್ಲಿ ನಿಜವಾದ ಸಂತೋಷ.

ನಾನು ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗ್ರಿಲ್ ಪಕ್ಕದಿಂದ ಕುಕ್ಕೆ ಹೊತ್ತ ಹೆಂಗಸೊಬ್ಬಳು ಕೂಗಿದಳು: "ಅಣ್ಣೋ, ಒಸಿ ಕೈ ಕೊಡಿ, ಕತ್ತು ಬಿದ್ದೋಯ್ತದೆ!"

ಸಾರ್ ತಮ್ಮ ಚೀಲವನ್ನು ನನ್ನ ಕೈಗಿಟ್ಟು ಹೋಗಿ, ಎರಡೂ ಕೈಗಳಲ್ಲಿ ಕುಕ್ಕೆ ಇಳಿಸಿಕೊಂಡರು.

"ಮೊದ್ಲು ಈ ತಾಪತ್ರಯ ಇರ್ಲಿಲ್ಲ ಕಣಣ್ಣ. ಯಾವ ಪುಣ್ಯಾತ್ಮನೋ ಇಲ್ಲೊಂದು ಕಟ್ಟೆ ಕಟ್ಟಿದ್ದ."

"ಊಂ ಕಣವ್ವ, ಕಟ್ಟಿದ್ದ" ಎಂದರು ಸಾರ್.

ಈಗಲೂ ನಾನು ಸಮಿತಿಗಳ ಮುಂದೆ ವಾದ ಮಾಡುತ್ತೇನೆ. ಆದರೆ ಕಟ್ಟಡವನ್ನು ಹೊಗಳುವ ಮೊದಲು, ಅಲ್ಲಿ ಯಾರು ಬಂದು ಕೂರುತ್ತಾರೆ ಎಂಬುದನ್ನು ಹೇಳಿಬಿಡುತ್ತೇನೆ.