ಒಳಗೆ ಬರಲಾ?
ಮೂವತ್ತು ವರ್ಷ ಮಕ್ಕಳಿಂದ "ಒಳಗೆ ಬರಲಾ ಮಿಸ್?" ಅನ್ನಿಸಿಕೊಂಡ ಹೆಡ್ ಮಿಸ್, ನಿವೃತ್ತಿಯಾದ ಮೇಲೆ ಪ್ರತಿ ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ, ಕೈಚೀಲದಲ್ಲಿ ಜಪಸರ, ಕಂಕುಳಲ್ಲಿ ಕಥೆಪುಸ್ತಕಗಳೊಂದಿಗೆ ನೇರ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಬರುತ್ತಾರೆ. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ದೊಡ್ಡ ಡಾಕ್ಟರು ಕೂಡ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. ಅಂಥವರು ಒಂದೊಂದು ಹಾಸಿಗೆಯ ಪರದೆಯಾಚೆ ಕೈಕಟ್ಟಿ ನಿಂತು, "ಒಳಗೆ ಬರಲಾ?" ಎಂದು ಕೇಳುತ್ತಾರೆ. "ಬನ್ನಿ" ಅಂದರೆ ಕಥೆ. ಕಥೆಯಲ್ಲಿ ಹುಲಿ ಬಂತೆಂದರೆ ಮಿಸ್ ಗರ್ಜಿಸುವ ರಭಸಕ್ಕೆ ಮೇಲಂತಸ್ತಿನ ರೋಗಿಗಳೂ ಎದ್ದು ಕೂರುತ್ತಾರೆ. "ಬೇಡ" ಅಂದರೆ ಮಿಸ್‌ಗೆ ಇನ್ನೂ ಖುಷಿ. "ಆಯ್ತು ಮರಿ, ಥ್ಯಾಂಕ್ಸ್" ಎಂದು ಮುಂದಿನ ಹಾಸಿಗೆಗೆ ನಡೆಯುತ್ತಾರೆ. ಹೊಸ ನರ್ಸಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. "ಬೇಡ ಅಂದಿದ್ದಕ್ಕೂ ಥ್ಯಾಂಕ್ಸಾ ಮಿಸ್?" "ನೋಡಮ್ಮ, ಸೂಜಿ ಬೇಡ ಅಂದ್ರೆ ನೀನು ಬಿಡ್ತೀಯಾ? ಔಷಧಿ ಬೇಡ ಅಂದ್ರೆ ಅವರಮ್ಮ ಬಿಡ್ತಾರಾ? ಇಲ್ಲಿ ಈ ಕೂಸುಗಳ ಮಾತು ನಡೆಯೋದು ನನ್ನೊಬ್ಬಳ ಹತ್ರ. ದೇವರು ನನಗೆ ಕೊಟ್ಟಿರೋ ಕೆಲಸ ಅದು." ಮೂಲೆ ಹಾಸಿಗೆಯ ಹುಡುಗಿಯಂತೂ ಏಳು ಭಾನುವಾರ ಗೋಡೆಗೆ ಮುಖ ಮಾಡಿಯೇ "ಬೇಡ" ಅಂದಿದ್ದಳು. ಎಂಟನೆಯ ಭಾನುವಾರ ಮಿಸ್‌ಗೆ ನೆಗಡಿ. ಮಕ್ಕಳಿಗೆ ಅಂಟೀತೆಂದು ಬರಲಿಲ್ಲ. ಒಂಬತ್ತನೆಯ ಭಾನುವಾರ ಪರದೆ ಮುಟ್ಟುವ ಮೊದಲೇ ಒಳಗಿಂದ ದನಿ ಬಂತು: "ಹೋದ ವಾರ ಯಾಕೆ ಕೇಳೋಕೆ ಬರ್ಲಿಲ್ಲ?" "ತಪ್ಪಾಯ್ತು ತಾಯಿ. ಇವತ್ತು ಒಳಗೆ ಬರಲಾ?" ಹುಡುಗಿ ಅವರತ್ತ ಹೊರಳಿದಳು, ಯೋಚಿಸಿದಳು. "ಬೇಡ. ಮುಂದಿನ ವಾರನೂ ಬಂದು ಕೇಳಿ." ಹೆಡ್ ಮಿಸ್ ಶಿಲುಬೆಯ ಗುರುತು ಹಾಕಿಕೊಂಡು, "ಆಯ್ತು ಮರಿ, ಥ್ಯಾಂಕ್ಸ್" ಎಂದು ಮುಂದಿನ ಹಾಸಿಗೆಗೆ ನಡೆದರು.